ಅವ್ವನ ಕೈಯಿಂದ ಕಸಿದ ಮೈಕು

ಅವ್ವಾ,

ನಿನಗೆ ಓದಲು ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಇಂದು ತನ್ನ ಹುಟ್ಟುಹಬ್ಬಕ್ಕೆ ಆಮ್ರಪಾಲಿ ಟಿವಿಗೆ ಹಾಡಿದವರಿಗೆ ಅಂಕ ಕೊಡುವ ಗೇಮ್ ಹಚ್ಚಿ, "ಆಯಿ, ನೀನೂ ಹಾಡ," ಎಂದು ಅಜ್ಜಿಯಾದ ನಿನಗೂ ಮೈಕು ಕೊಟ್ಟಳು. ಊರ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನವರು ಜೋರಾಗಿ ಹಚ್ಚುವ, ನೀನು ದಿನಾ ಕೇಳುವ ಸಿನಿಮಾ ಹಾಡು ಅದು. ಟಿವಿಯ ಮೇಲೆ ಸಾಲುಗಳು ಓಡಿದವು. ಓದಲಾಗದೆ ನೀನು ಬರೀ ರಾಗ ಗುನುಗಿದೆ. ಊಟಕ್ಕೆ ಬಂದಿದ್ದ ನನ್ನ ಆಫೀಸಿನವರು ನಕ್ಕರು. "ಅವ್ವಗ ಓದಾಕ ಬರೂದಿಲ್ರಿ," ಎಂದು ನಾನೂ ನಕ್ಕು ಮೈಕು ಕಸಿದುಕೊಂಡೆ. ನೀನು ಉಣ್ಣದೆ ಬಾಗೇವಾಡಿಯ ಬಸ್ಸು ಹತ್ತಿದೆ.

ಆಮೇಲೆ ಆಮ್ರಪಾಲಿ ಹೇಳಿದಳು: "ಮಮ್ಮಿ, ಗೇಮ್ ಅಕ್ಷರ ನೋಡೂದಿಲ್ಲ, ರಾಗ ಅಷ್ಟ ಕೇಳತೈತಿ. ನೀ ಕಸ್ಗೊಳ್ಳೂತನಕ ಆಯಿನ ಎಲ್ಲಾರಕ್ಕಿಂತ ಮುಂದಿದ್ಲು."

ಫೋನ್ ಮಾಡಿ, "ಊರು ಮುಟ್ಟಿದೇನವ್ವಾ?" ಎಂದಷ್ಟೇ ಕೇಳಿದೆ.

"ಮುಟ್ಟೇನಿ. ನಿಮ್ಮ ಆಫೀಸಿನವರು ನಿನಗೇನೂ ಅನ್ನಲಿಲ್ಲಲ್ಲ?" ಎಂದೆ ನೀನು.

"ಇಲ್ಲವ್ವಾ," ಎಂದೆ.

ಸುಮನ