ಕವಲಿನಲ್ಲಿ ನಿಂತ ಕೈ

ಅಟ್ಟೂರು
ಗುರುವಾರ, 13 ನವೆಂಬರ್ 2025

ಪ್ರೀತಿಯ ನಾಗಭೂಷಣ ಅವರಿಗೆ,

‘ಪ್ರೀತಿಯ’ ಎಂದು ಬರೆದ ಮೇಲೆ ಹೊಡೆದುಹಾಕೋಣ ಎನಿಸಿತು. ಹೊಡೆದುಹಾಕಿದರೆ ಅದೇ ಎದ್ದು ಕಾಣುತ್ತದೆ, ಇರಲಿ. ನೀವು ನನ್ನ ಫೋನ್ ಎತ್ತುವುದಿಲ್ಲ. ಹುಣಸಮಾರನಹಳ್ಳಿಯ ಮನೆಗೆ ಬಂದರೆ ಗೇಟಿನಲ್ಲೇ ಮಾತು ಮುಗಿಸಿ ಕಳಿಸುತ್ತೀರಿ. ಅದಕ್ಕೇ ಈ ಕಾಗದ. ಸಿಟ್ಟು ಬಂದರೂ ಕೊನೆಯವರೆಗೆ ಓದಿ. ಇದು ನಮ್ಮಿಬ್ಬರ ಜಗಳದ ವಿಷಯವಲ್ಲ. ಖುರ್ಷೀದ್ ಅವರ ವಿಷಯ, ನಿಮ್ಮ ಅಮ್ಮನ, ನನ್ನ ಅತ್ತೆಯ ವಿಷಯ.

ಮೊನ್ನೆ ಖುರ್ಷೀದ್ ಅವರ ಹೆಂಡತಿ ಸಬಾ ಬಂದಿದ್ದಳು. ನಾನು ಚಿತ್ರ ಬರೆದುಕೊಟ್ಟ ದಾರಿಫಲಕಗಳನ್ನೆಲ್ಲ ಇಷ್ಟು ವರ್ಷ ಟಿ. ದಾಸರಹಳ್ಳಿಯ ಶೆಡ್ಡಿನಲ್ಲಿ ಕಬ್ಬಿಣ ಬೆಸೆದು, ಫೈಬರ್ ಮೆತ್ತಿ, ಊರೂರಿಗೆ ಹೋಗಿ ನಿಲ್ಲಿಸಿ ಬಂದವರು ಅವರೇ ಅಲ್ಲವೇ? ಜಲಪಾತದ ಮೆಟ್ಟಿಲ ಬಳಿಯ ಮೀನು, ಬೆಟ್ಟದ ಬುಡದ ಕರಡಿ. ‘ಜನ ನಿನ್ ಬೋರ್ಡ್ ನೋಡಿ ದಾರಿ ಹಿಡಿಯಲ್ಲ, ತಬ್ಕೊಂಡ್ ಫೋಟೊ ತೆಗಿಸ್ಕೊತಾರೆ’ ಎಂದು ನೀವು ನಗುತ್ತಿದ್ದಿರಿ.

ಖುರ್ಷೀದ್ ಜಾಮೀನಿನ ಮೇಲೆ ಹೊರಗೆ ಬಂದಿದ್ದಾರೆ, ಆದರೆ ಶೆಡ್ಡಿಗೆ ಕಾಲಿಡುತ್ತಿಲ್ಲವಂತೆ. ಕ್ವಾರಿಯ ಉದ್ಯಾನದಲ್ಲಿ ಆ ಕೈ ಆಕಾರದ ಫಲಕವನ್ನು ಸರಿಯಾಗಿ ನಿಲ್ಲಿಸದೆ ಅತ್ತೆಯ ಸಾವಿಗೆ ಕಾರಣನಾದ ಎನ್ನಿಸಿಕೊಂಡವನಿಗೆ ಕೆಲಸ ಕೊಡುವವರೂ ಇಲ್ಲ. ಮೊದಮೊದಲು ‘ನಾನು ಆ ಕೈ ನೆಟ್ಟಗೇ ನಿಲ್ಸಿದ್ದೆ’ ಎನ್ನುತ್ತಿದ್ದವರು ಈಗ ‘ಬೋಲ್ಟ್ ಟೈಟ್ ಮಾಡಿದ್ನೋ ಇಲ್ವೋ, ನೆನಪಾಗ್ತಿಲ್ಲ ಸಬಾ’ ಎನ್ನುತ್ತಾರಂತೆ. ಕೇಸಿಗೆ ಹೆದರಿ ಹಾಗೆ ಅನ್ನುತ್ತಿಲ್ಲ. ನಾನೇ ಕೊಂದೆ ಎಂದು ನಿಜವಾಗಿ ನಂಬಿಬಿಟ್ಟಿದ್ದಾರೆ.

ಸಬಾ ಅಳಲಿಲ್ಲ, ಬೈಯಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ‘ಅಕ್ಕಾ, ಡ್ರಾಯಿಂಗ್ ನಿಮ್ದು. ಅದು ನೆಟ್ಟಗೆ ಇತ್ತಾ ಇಲ್ವಾ ನಿಮ್ಗೇ ಗೊತ್ತಿಲ್ಲ ಅಂದ್ರೆ ಇನ್ಯಾರಿಗ್ ಗೊತ್ತಿರತ್ತೆ?’ ಎಂದಳು. 

ಫಲಕ ನೆಟ್ಟಗೇ ಇತ್ತು ರೀ. ಅತ್ತೆಯನ್ನು ನೀರಿನಿಂದ ಮೇಲೆತ್ತಲು ಬಂದ ಕ್ರೇನ್ ಹಿಂದಕ್ಕೆ ಸರಿಯುವಾಗ ಅದಕ್ಕೆ ತಗುಲಿತು, ಕಂಬ ತಿರುಗಿ ಕೈ ದಾರಿಗೆ ಬೆನ್ನು ಹಾಕಿತು. ಪೊಲೀಸರು ಫೋಟೊ ತೆಗೆದದ್ದು ಆಮೇಲೆ. ನೀವು ದೂರು ಕೊಟ್ಟಿದ್ದು ಉದ್ಯಾನದವರ ಮೇಲೆ. ಅವರು ಆ ಫೋಟೊ ಮುಂದಿಟ್ಟು, ತಪ್ಪೆಲ್ಲ ಫಲಕ ನಿಲ್ಲಿಸಿದವನದು ಎಂದು ಕೈ ತೊಳೆದುಕೊಂಡರು. ಕ್ರೇನಿನ ವಿಷಯವನ್ನು ನಾನು ಆಗಲೇ ಇನ್ಸ್‌ಪೆಕ್ಟರಿಗೆ ಹೇಳಿದ್ದೆ. ‘ಅದಕ್ ಮೊದ್ಲು ನೆಟ್ಟಗಿತ್ತು ಅಂತ ನಿಮಗ್ ಹೇಗ್ ಗೊತ್ತು ಮೇಡಂ? ನೀವು ಅಲ್ಲಿರಲಿಲ್ಲ ಅಂದ್ರಲ್ಲ?’ ಎಂದು ಕೇಳಿದರು. ನಾನು ಎದ್ದು ಹೊರಗೆ ಬಂದೆ.

ನಾನು ಅಲ್ಲಿದ್ದೆ.

ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡಿ. ನಿಮಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಹೇಳಬೇಕು. ಅತ್ತೆಗೆ ಓದಲು ಬರುತ್ತಿತ್ತು.

ನೀವು ಸೈಟಿನ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನದ ಹೊತ್ತು ಅವರು ಮನೆ ಹಿಂದಿನ ನನ್ನ ಶೆಡ್ಡಿಗೆ ಬಂದು ಕೂರುತ್ತಿದ್ದರು. ನಾನು ಅಳತೆ ನೋಡಲೆಂದು ಥರ್ಮಾಕೋಲಿನಲ್ಲಿ ಕತ್ತರಿಸಿ ಬಿಸಾಡಿದ ಅಕ್ಷರಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸವರುತ್ತಿದ್ದರು. ಪೊರೆ ತೆಗೆಸಿದ ಮೇಲೂ ಅವರ ಕಣ್ಣು ಮಂಜು ಮಂಜಾಗಿಯೇ ಇತ್ತಲ್ಲ. ‘ಪೇಪರ್‌ನಾಗಿನ್ ಅಕ್ಸರ ಇರುವೆ ಅರ್ದಂಗ್ ಕಾಣ್ತವೆ. ಇವು ಕೈಗ್ ಸಿಗ್ತವೆ ಕಣವ್ವ’ ಎಂದರು ಒಂದು ದಿನ. ಮೊದಲು ಕೇಳಿದ್ದು ‘ಗಿ’. ಆಮೇಲೆ ‘ರಿ’. ಎರಡನ್ನೂ ಜೋಡಿಸಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಉಳಿದ ಅಕ್ಷರಗಳನ್ನು ನಿಧಾನವಾಗಿ ಕಲಿತರು. ನಿಮಗೆ ಹೇಳಕೂಡದು ಎಂದು ಮಾತು ತೆಗೆದುಕೊಂಡಿದ್ದರು. ‘ಈ ವಯಸ್ನಾಗೆ ಇಸ್ಕೂಲಾ ಅಂತ ನಾಗ ನಗ್ತಾನೆ’ ಎನ್ನುವುದು ಅವರ ನಾಚಿಕೆ.

ನಿಮ್ಮ ತಮ್ಮ ಗಿರಿಯನ್ನು ನಾನು ನೋಡಿಲ್ಲ. ಕ್ವಾರಿಯ ನೀರಿಗೆ ಈಜಲು ಇಳಿದ ಹುಡುಗ ಮತ್ತೆ ಮೇಲೆ ಬರಲಿಲ್ಲ, ಬಂಡೆಯ ಸಂದಿನಲ್ಲಿ ಎಲ್ಲಿ ಸಿಕ್ಕಿಕೊಂಡನೋ, ಹೆಣವೂ ಸಿಗಲಿಲ್ಲ ಎಂದು ನೀವೇ ಮದುವೆಯಾದ ಹೊಸತರಲ್ಲಿ ಹೇಳಿದ್ದಿರಿ. ಆಮೇಲೆ ಮನೆಯಲ್ಲಿ ಆ ಮಾತು ಎತ್ತಿದವರಿಲ್ಲ. ಉದ್ಯಾನದವರು ಬಂದು ನಮ್ಮ ಜಮೀನನ್ನೂ ಅದರೊಳಗಿನ ಕ್ವಾರಿಯನ್ನೂ ದೋಣಿವಿಹಾರಕ್ಕೆ ಕೇಳಿದಾಗ ಅತ್ತೆ ಬಾಯಿಬಿಟ್ಟರು. ಅಂದು ನಾನು ಅಡುಗೆಮನೆಯಲ್ಲಿದ್ದೆ. ‘ಮಿಕ್ಕಿದ್ದೆಲ್ಲ ಕೊಟ್ಬುಡು ಮಗ. ಆ ಗುಂಡಿ ಒಂದ್ ಬಿಟ್ಬುಡು’ ಎಂದರು. ನೀವು ಕೋಪಿಸಿಕೊಳ್ಳಲಿಲ್ಲ. ಗುಂಡಿಗಾಗಿಯೇ ಅವರು ಜಮೀನು ಕೇಳುತ್ತಿರುವುದು ಎಂದು ಮೆತ್ತಗೆ ತಿಳಿಸಿ ಹೇಳಿದಿರಿ. ಮಾರನೆಯ ದಿನ ಸಹಿ ಹಾಕಿದಿರಿ. ಅಲ್ಲಿನ ಫಲಕಗಳ ಕೆಲಸ ನನಗೇ ಸಿಗುವಂತೆ ಮಾಡಿದಿರಿ. ನಾನೂ ಖುಷಿಯಿಂದ ಒಪ್ಪಿಕೊಂಡೆ.

ಉದ್ಘಾಟನೆಯ ದಿನ ನೀವು ಶಾಮಿಯಾನದಲ್ಲಿ ಅತಿಥಿಗಳ ಜೊತೆ ಇದ್ದಿರಿ. ಅತ್ತೆ ನನ್ನ ಸೆರಗು ಹಿಡಿದು, ‘ನೀನ್ ಮಾಡಿರೋದ್ನ ತೋರ್ಸು ಬಾ’ ಎಂದರು. ಒಂದೊಂದೇ ಫಲಕ ಮುಟ್ಟಿ ನೋಡುತ್ತಾ ನಡೆದೆವು. ದಾರಿ ಒಡೆಯುವಲ್ಲಿ ಎಡಕ್ಕೆ ದೋಣಿಯ ಆಕಾರ, ಬಲಕ್ಕೆ ಆಳೆತ್ತರದ ಅಂಗೈ. ನಿಲ್ಲಿ ಎನ್ನುವ ಹಾಗೆ ಎತ್ತಿದ ಕೈ. ಅದರ ಬುಡದಲ್ಲಿ ಉಬ್ಬಿದ ಅಕ್ಷರ. ಖುರ್ಷೀದ್ ನಿಲ್ಲಿಸಿದ ಹಾಗೇ, ಒಂದಿಷ್ಟೂ ವಾಲದೆ, ದಾರಿಗೆ ಎದುರಾಗಿ ನಿಂತಿತ್ತು. ಅತ್ತೆ ಬಗ್ಗಿ ಬೆರಳಾಡಿಸಿದರು. ‘ಆ... ಳ... ವಾ... ದ... ನೀ... ರು.’ ನಿಂತು ಉಸಿರು ತೆಗೆದುಕೊಂಡರು. ‘ಮುಂದೆ ಓಗ್‌ಬೇಡಿ. ಅಲ್ವೇನವ್ವ?’

ನಾನು ಚಪ್ಪಾಳೆ ತಟ್ಟಿದೆ. ನಿಮಗೆ ಹೇಗೆ ಹೇಳಲಿ, ಒಂದೂ ತಪ್ಪಿಲ್ಲದೆ ಓದಿದರಲ್ಲ ಎಂದು ಹಿಗ್ಗಿ ಹೋಗಿದ್ದೆ. ಅವರು ನೀರಿನ ಕಡೆಯೇ ನೋಡುತ್ತಿದ್ದರು. ‘ಅವ್ನು ಇಲ್ಲೇ ಅವ್ನೆ. ಅವ್ನ್ ಮ್ಯಾಲೆ ದೋಣಿ ಬಿಡ್ತಾರಾ?’ ಎಂದರು. ನಾನು ಅವರ ಕೈ ಹಿಡಿದುಕೊಂಡೆ. ‘ಗಂಟ್ಲು ಒಣಗ್ತೈತೆ, ಒಂದ್ ಲೋಟ ನೀರ್ ತತ್ತಾ’ ಎಂದರು. ತರಲು ಹೋದೆ. ಬರುವಷ್ಟರಲ್ಲಿ ಆ ಕೈಯ ಬುಡದಲ್ಲಿ ಅವರ ಚಪ್ಪಲಿ ಜೋಡಿಸಿಟ್ಟಂತಿದ್ದವು. ಅವರಿರಲಿಲ್ಲ.

ನನ್ನ ಕೂಗು ಕೇಳಿ ನೀವು ಓಡಿ ಬಂದಿರಿ. ಚಪ್ಪಲಿ ಎದೆಗವಚಿಕೊಂಡು ಕೂತಿರಿ. ‘ಅಮ್ಮ ಇದ್ನ ದೇವ್ರ ಕೈ ಅಂದ್ಕೊಂಡ್ಳು. ಚಪ್ಲಿ ಬಿಟ್ಟು ಕೈ ಮುಗಿದು ಒಳಗ್ ಹೋಗವ್ಳೆ. ಅಕ್ಷರ ಬರ್ದೇ ಇರೋರಿಗೆ ಇಂಥ ಕೈ ಯಾಕ್ ನಿಲ್ಸ್‌ದೆ ಶಾಂತಲಾ? ಎಲ್ಲಿದ್ದೆ ನೀನು?’ ಎಂದು ಕೇಳಿದಿರಿ. ಎರಡನೆಯದಕ್ಕೆ ಮಾತ್ರ ಉತ್ತರಿಸಿದೆ. ಶಾಮಿಯಾನದ ಹತ್ತಿರ ಇದ್ದೆ ಎಂದೆ.

ಆ ಹೊತ್ತಿನಲ್ಲಿ ನಿಮ್ಮ ಮುಖ ನೋಡಿ ಆಡಿದ ಸುಳ್ಳು ಅದು. ಅಮ್ಮ ದಾರಿ ತಪ್ಪಿ ಸತ್ತಳು ಎಂದು ನೀವು ನಂಬಿದರೆ ಬದುಕಿಕೊಳ್ಳುತ್ತೀರಿ ಎನಿಸಿತು. ಓದಿ, ತಿಳಿದು, ಮಗನಿದ್ದಲ್ಲಿಗೆ ಹೋದಳು ಎಂದರೆ ನೀವು ಹಾಕಿದ ಸಹಿ ನಿಮ್ಮನ್ನು ಬಿಡುತ್ತಿರಲಿಲ್ಲ. ತಿಥಿ ಮುಗಿಸಿ ನೀವು ಮನೆ ಬಿಟ್ಟು ಹೋದಿರಿ. ನೆಂಟರ ಮುಂದೆ ನನ್ನನ್ನು ಕೊಲೆಗಾತಿ ಎಂದಿರಿ. ಅದನ್ನೂ ತಡೆದುಕೊಂಡೆ. ನನ್ನ ಕೆಲಸದ ಮೇಲೆ ಬಂದ ಮಾತು, ನಾನೇ ಹೊತ್ತುಕೊಂಡರಾಯಿತು ಎಂದುಕೊಂಡಿದ್ದೆ. ಖುರ್ಷೀದ್ ಅವರ ತಲೆಗೆ ಅದನ್ನು ಕಟ್ಟಿದ ದಿನವೇ ನಾನು ಬಾಯಿಬಿಡಬೇಕಿತ್ತು. ಅವರನ್ನು ಜೀಪಿಗೆ ಹತ್ತಿಸುವಾಗ ನಾನು ರಸ್ತೆಯ ಈಚೆ ನಿಂತಿದ್ದೆ. ಅವರು ನನ್ನನ್ನು ನೋಡಿ, ಏನೂ ಆಗಲ್ಲ ಎನ್ನುವ ಹಾಗೆ ತಲೆಯಾಡಿಸಿದರು.

ನಾಳೆ ಠಾಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೂ ಕೇಸಾಗಬಹುದು, ಆಗಲಿ. ನೀವೂ ಬಂದರೆ ಒಳ್ಳೆಯದು. ನನ್ನ ಪಕ್ಕ ನಿಲ್ಲಬೇಕಾಗಿಲ್ಲ. ಟಿ. ದಾಸರಹಳ್ಳಿಗೆ ಹೋಗಿ ಆ ಮನುಷ್ಯನಿಗೆ, ನಿಮ್ಮ ಬಾಯಿಂದಲೇ, ‘ನಿಮ್ಮ ತಪ್ಪಲ್ಲ’ ಎಂದು ಹೇಳಿ ಬನ್ನಿ. ನಾನು ಹೇಳಿದರೆ ಅವರು ನಂಬುವುದಿಲ್ಲ. ಸತ್ತವಳ ಮಗ ಹೇಳಿದರೆ ನಂಬಿಯಾರು.

ಊಟ, ನಿದ್ದೆ ಬಿಡಬೇಡಿ.

ಶಾಂತಲಾ

ಇನ್ನೊಂದು ಮಾತು: ‘ನಾಳೆ’ ಎಂದು ಬರೆದದ್ದು ನಿಜವಲ್ಲ, ಆಗಲೇ ಮುಗಿಯಿತು ಎಂದು ಬರೆಯಲು ಧೈರ್ಯ ಸಾಲಲಿಲ್ಲ. ಇವತ್ತು ಬೆಳಿಗ್ಗೆಯೇ ಹೇಳಿಕೆ ಕೊಟ್ಟು ಬಂದೆ. ಮೊದಲೇ ತಿಳಿಸಿದ್ದರೆ ನೀವು ಓಡಿ ಬರುತ್ತಿದ್ದಿರಿ. ನಿಮ್ಮನ್ನು ಕಂಡರೆ ನನ್ನ ಬಾಯಿ ಮತ್ತೆ ಕಟ್ಟುತ್ತಿತ್ತು. ಅತ್ತೆ ಓದಿದ್ದು, ಫಲಕ ನೆಟ್ಟಗಿದ್ದದ್ದು, ನಾನು ಅಲ್ಲಿದ್ದದ್ದು, ಎಲ್ಲ ಹೇಳಿದೆ. ಓದಿಯೂ ಯಾಕೆ ಹೋದರು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಗಿರಿಯ ಹೆಸರು ಎತ್ತದೆ, ನನಗೆ ಗೊತ್ತಿಲ್ಲ ಎಂದೆ.