ಕಂಬಳಿ ರಸ್ತೆಯ ಮೇಲೆ ಒಂದು ಕೆಂಪು ಬಸ್ಸು

ಐಮಂಗಲದ ಹಟ್ಟಿಯಿಂದ,
ಸೋಮವಾರ, ಮಗಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಉಸಿರು ಬಿಟ್ಟ ಮೇಲೆ

ಬಸ್ ಡ್ರೈವರ್ ತರಬೇತಿ ಶಿಬಿರದಲ್ಲಿ ಕ್ಲಚ್ಚು, ಗೇರುಗಳೊಡನೆ ಸಮರ ಸಾರಿರುವ ಶ್ರೀಮತಿ ರಂಜಿತಾದೇವಿಯವರ ಸನ್ನಿಧಾನಕ್ಕೆ, ಮನೆಯಲ್ಲಿ ಒಲೆ, ಜಡೆ, ಹೋಮ್‌ವರ್ಕುಗಳೊಡನೆ ಸಮರದಲ್ಲಿ ಸೋತಿರುವ ಗಂಡ ರಂಗೇಶನ ಅನಂತ ನಮಸ್ಕಾರಗಳು.

ನಿನ್ನೆ ಸಂಜೆ ನೀನು ಫೋನು ಮಾಡಿದಾಗ ಏನಾಯಿತೆಂದು ನಿನಗೇ ಗೊತ್ತು. ನಾನು "ಹಲೋ" ಎನ್ನುವಷ್ಟರಲ್ಲಿ ಬೃಂದಾ ಕಿತ್ತುಕೊಂಡಳು. "ಅಮ್ಮಾ, ಬರ್ತ್‌ಡೇ ಸೂಪರ್ ಆಯ್ತು. ರೇಸಲ್ಲಿ ನಾನೇ ಎಲ್ರಿಗಿಂತ ಲಾಸ್ಟು. ತಾತ ನನ್ ಬಸ್ ಹತ್ತಿದ" ಎಂದು ಒಂದೇ ಉಸಿರಿಗೆ ಹೇಳಿ, ಲೈನು ಕತ್ತರಿಸಿ, ಆಡಲು ಓಡಿಬಿಟ್ಟಳು. ಅತ್ತ ನಿನ್ನ ತಲೆ ಕೆಟ್ಟಿರುತ್ತದೆ. ಸೋತವಳು ಯಾಕೆ ಕುಣಿಯುತ್ತಿದ್ದಾಳೆ? ಯಾವ ಬಸ್ಸು? ಬಸ್ಸಿನ ಹೆಸರೆತ್ತಿದರೆ ಮುಖ ತಿರುಗಿಸುವ ಮಾವ ಹತ್ತಿದನೆಂದರೆ ಏನರ್ಥ? ನಿಮ್ಮ ಶಿಬಿರದಲ್ಲಿ ಫೋನು ಕೈಗೆ ಸಿಗುವುದು ಭಾನುವಾರ ಮಾತ್ರ. ಅಲ್ಲಿಯವರೆಗೂ ಇದನ್ನೇ ಯೋಚಿಸುತ್ತಾ ನೀನು ಬ್ರೇಕಿನ ಬದಲು ಇನ್ನೊಂದನ್ನು ತುಳಿದರೆ ಆ ಪಾಪ ನನ್ನ ತಲೆಗೆ ಬರುತ್ತದೆ. ಆದ್ದರಿಂದ ಈ ಅಧಿಕೃತ ವರದಿ.

ಮೂಲ ಕಾರಣ ನಿನಗೆ ಗೊತ್ತಿದ್ದದ್ದೇ. ಹಿರಿಯೂರಿನಲ್ಲಿ ಕ್ಲಾಸಿನ ಹುಡುಗನೊಬ್ಬನ ಹುಟ್ಟುಹಬ್ಬಕ್ಕೆ ಹೋಗಿ ಬಂದ ನಿನ್ನ ಮಗಳು, ಆರು ತುಂಬುವ ದಿನ ತನ್ನದೂ ರೇಸ್ ಕಾರಿನ ಬರ್ತ್‌ಡೇ ಆಗಲೇಬೇಕೆಂದು ಘೋಷಿಸಿದಳು. ನೀನು ಫೋನಿನಲ್ಲೇ, "ಮಗು ಆಸೆಪಟ್ಟೈತೆ, ಮಾಡು. ಸಾಲಗೀಲ ಮಾಡಿದ್ರೆ ಮಾತ್ರ ಬಸ್ ತಂದು ನಿನ್ ಮ್ಯಾಲೇ ಹತ್ತಿಸ್ತೀನಿ" ಎಂದು ಆಶೀರ್ವದಿಸಿದೆ. ನಾನು ಹಿರಿಯೂರಿನ ಅಲಂಕಾರದವನನ್ನು ವಿಚಾರಿಸಿದೆ. ಬಲೂನಿನ ಕಾರು, ಟೈರಿನ ಕಮಾನು, ಕರಿ ಕಾರ್ಪೆಟ್ಟಿನ ರೋಡು ಎಲ್ಲಕ್ಕೂ ಸೇರಿ ಅವನು ಹೇಳಿದ ಮೊತ್ತವನ್ನು ನಮ್ಮ ಹಟ್ಟಿಯ ನಾಣ್ಯಕ್ಕೆ ಪರಿವರ್ತಿಸಿದರೆ ಎರಡು ಟಗರು, ಮೇಲೊಂದು ಮರಿ. ಟಗರು ಅಪ್ಪನವು. ಅಪ್ಪನ ಹತ್ತಿರ ಟಗರಿನ ಮಾತೆತ್ತುವುದೂ ಹುಲಿಯ ಹತ್ತಿರ ಹಲ್ಲಿನ ಮಾತೆತ್ತುವುದೂ ಒಂದೇ.

ಅದೂ ಅಲ್ಲದೆ ಅಪ್ಪ ನನ್ನೊಡನೆ ಸರಿಯಾಗಿ ಮಾತಾಡುತ್ತಿದ್ದುದಾದರೂ ಎಲ್ಲಿ? ನೀನು ಟ್ರಂಕು ಹಿಡಿದು ಹೊರಟ ದಿನ ನಿನಗೂ ನೆನಪಿರಬೇಕು. ಹಿಂದಿನ ದಿನವೇ, "ಹಟ್ಟಿ ಸೊಸೆ ಬಸ್ ತಿರುಗ್ಸಾದಾ? ನಾಳೆ ನಾನು ಹೈವೇ ಪಕ್ದಾಗೆ ಕುರಿ ಹೊಡ್ಕಂಡು ನಿಂತ್ರೆ ಜನ ಏನಂತಾರೆ?" ಎಂದವನು, ಬೆಳಗ್ಗೆ ನೀನು ಕಾಲಿಗೆ ಬೀಳಲು ಬರುತ್ತೀಯೆಂದು ಹೆದರಿ, ಕುರಿಗಳಿಗೇ ಆಶ್ಚರ್ಯವಾಗುವಷ್ಟು ಬೇಗ ಮಂದೆ ಹೊಡೆದುಕೊಂಡು ಹೋಗಿಬಿಟ್ಟ. ನೀನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಜಗುಲಿಯ ಹಗ್ಗದ ಮೇಲಿದ್ದ ಅವನ ಹೊಸ ಕಂಬಳಿಗೇ ನಮಸ್ಕಾರ ಮಾಡಿ ಹೊರಟೆ. ಅಂದಿನಿಂದ ಈ ಮನೆಯಲ್ಲಿ ಅಪ್ಪನ ಬಾಯಲ್ಲಿ ನಿನ್ನ ಹೆಸರು ಬಂದಿರಲಿಲ್ಲ. ಹುಟ್ಟುಹಬ್ಬದಂದು ಅವನು ಒಂದು ಗಳಿಗೆ ಮನೆಯಲ್ಲಿದ್ದರೆ ಸಾಕು ಎಂಬುದಷ್ಟೇ ನನ್ನ ಆಸೆಯಾಗಿತ್ತು. ಬೃಂದಾಳ ಆಸೆ ಮಾತ್ರ ಅಷ್ಟು ಸಣ್ಣದಾಗಿರಲಿಲ್ಲವೆಂದು ಆಮೇಲೆ ತಿಳಿಯಿತು.

ಇರಲಿ, ಸಿದ್ಧತೆಗೆ ಬರೋಣ. ಮಾರಿಕಣಿವೆ ನಾಲೆಯ ಗೇಟು ಎತ್ತಿ ಇಳಿಸುವ ಈ ಕೈಗಳು ಒಂದು ವಾರ ಕತ್ತರಿ, ಅಂಟು ಹಿಡಿದವು. ಕೂಡು ರಸ್ತೆಯ ಅಂಗಡಿಯ ಹಜರತ್ ಅಲಿ ತನ್ನ ಬಿಸ್ಕತ್ತು, ಸೋಪಿನ ರಟ್ಟಿನ ಡಬ್ಬಗಳನ್ನೆಲ್ಲ ಕೊಟ್ಟ. ತಳ, ಮೇಲು ಎರಡನ್ನೂ ಕತ್ತರಿಸಿ, ಹೆಗಲಿಗೆ ದಾರ ಕಟ್ಟಿದರೆ ಮಗು ಒಳಗೆ ನಿಂತು ಓಡಬಹುದಾದ ಕಾರು ಸಿದ್ಧ. ಊಟದ ಕಾಗದದ ತಟ್ಟೆಗಳು ಕಪ್ಪು ಬಳಿಸಿಕೊಂಡು ಟೈರುಗಳಾದವು. ಕಾರಿಗೆ ಕೆಂಪು ಬಣ್ಣ ಬೇಕಲ್ಲ? ಕುರಿಗಳಿಗೆ ಗುರುತು ಹಾಕುವ ಬಣ್ಣ ಮನೆಯಲ್ಲೇ ಇತ್ತು. ಹುಟ್ಟುಹಬ್ಬದ ಸಂಜೆಗೆ ಎಲ್ಲರ ಮಕ್ಕಳೂ ಬೆನ್ನು, ಭುಜ ಕೆಂಪಾಗಿ ನಮ್ಮ ಮಂದೆಗೇ ಸೇರಿದವರಂತೆ ಕಾಣುತ್ತಿದ್ದರು, ಅದು ಬೇರೆ ಮಾತು. ರೇಸ್ ಮುಗಿಸುವವರಿಗೆ ಬೀಸಲು ಕರಿ ಬಿಳಿ ಚೌಕದ ಬಾವುಟ ಬೇಕೆಂದಾಗ ಹಜರತ್ ಅಲಿ ಗಂಭೀರವಾಗಿ ಒಳಗೆ ಹೋಗಿ ತನ್ನ ಚೌಕಳಿ ಲುಂಗಿ ತಂದ. "ಏನ್ ರಂಗೇಶಣ್ಣ, ಒಗ್ದು ಇಸ್ತ್ರಿ ಮಾಡಿ ಕೊಡ್ಬೇಕು. ಶುಕ್ರವಾರಕ್ಕೆ ಇದೇ ನಂಗೆ" ಎಂದ.

ಅಡುಗೆ ಇಲಾಖೆ ಅಮ್ಮನದು. ಚಕ್ಕುಲಿಗೆ ಟೈರೆಂದೂ, ಕೋಡುಬಳೆಗೆ ಸ್ಟೇರಿಂಗೆಂದೂ ನಾನು ನಾಮಕರಣ ಮಾಡಿದೆ. "ಹೆಸ್ರು ಏನಾರ ಇಟ್ಕ, ಎಣ್ಣೆ ಮಾತ್ರ ಜಾಸ್ತಿ ತಾ" ಎಂದಳು ಅಮ್ಮ. ಬೆಲ್ಲದ ಪಾನಕದ ಬಿಂದಿಗೆಯ ಮೇಲೆ ಪೆಟ್ರೋಲ್, ಮಜ್ಜಿಗೆಯ ಬಿಂದಿಗೆಯ ಮೇಲೆ ಡೀಸೆಲ್ ಎಂದು ಬರೆದೆ. ಬೇಕರಿಯವನು ಕಾರಿನ ಆಕಾರದ ಕೇಕಿಗೆ ಎರಡರಷ್ಟು ಕೇಳಿದ್ದರಿಂದ ಚೌಕದ್ದೇ ತಂದು, ಪಕ್ಕಕ್ಕೆ ನಾಲ್ಕು ಕ್ರೀಮ್ ಬಿಸ್ಕತ್ತು ಒತ್ತಿದೆ. ಅದು ಕಾರೇ ಎಂದು ನಾನು ಈಗಲೂ ವಾದಿಸುತ್ತೇನೆ.

ಎಲ್ಲರಿಗೂ ಕಾರು ಕಟ್ಟಿಕೊಟ್ಟ ಮೇಲೆ, ಯಾರ ಹುಟ್ಟುಹಬ್ಬವೋ ಅವಳೇ ಕಾರು ಬೇಡವೆಂದಳು. "ನಂಗೆ ಬಸ್ಸು" ಎಂದಳು. ಇದು ರೇಸ್ ಕಾರಿನ ಹಬ್ಬ ಕಣವ್ವ ಎಂದೆ. ಆಗ ಹೊರಬಿತ್ತು ನೋಡು ವಿಷಯ. ಹಜರತ್ ಅಲಿಯ ಮಗ ಅಮಾನ್, ಇವಳ ಕ್ಲಾಸಿನವನು, "ಹೆಂಗಸ್ರು ಬಸ್ ಓಡ್ಸಲ್ಲ, ನಿಮ್ಮಮ್ಮ ಟಿಕೆಟ್ ಕೊಡೋಕೆ ಹೋಗಿರ್ಬೇಕು" ಎಂದಿದ್ದನಂತೆ. ಇವಳು "ನಮ್ ತಾತನ್ನೇ ಕೇಳು" ಎಂದಿದ್ದಳಂತೆ. ತಾತನನ್ನು ಕೇಳಿದರೆ ತಾತ ಏನೂ ಹೇಳದೆ ಕುರಿಯ ಕಾಲಿನ ಮುಳ್ಳು ನೋಡುತ್ತಾ ಕೂತನಂತೆ. ರಂಜೀ, ಅದನ್ನು ಕೇಳಿ ನನ್ನ ಕೈಯ ಕತ್ತರಿ ನಿಂತೇ ಹೋಯಿತು. ಫ್ರಿಜ್ಜಿನ ಉದ್ದನೆಯ ಡಬ್ಬ ಹುಡುಕಿ ತಂದು ಬಸ್ಸು ಕಟ್ಟಿದೆ. ಬೋರ್ಡಿನಲ್ಲಿ ಚಿತ್ರದುರ್ಗ ಎಂದು ಬರೆಯೆಂದರೆ, "ಅದಕ್ಕೆ ಒತ್ತು ಜಾಸ್ತಿ" ಎಂದು ಗೊಣಗಿ, ಎರಡೇ ಅಕ್ಷರದಲ್ಲಿ "ಅಮ್ಮ" ಎಂದು ಬರೆದಳು. ಎಲ್ಲಿಗೆ ಹೋಗುವ ಬಸ್ಸೆಂದು ಹೇಳಲು ಅಷ್ಟು ಸಾಕಂತೆ.

ಈಗ ಉಳಿದದ್ದು ರೋಡು. ಶಾಮಿಯಾನದವನ ಬಳಿ ಇದ್ದದ್ದು ಕೆಂಪು ಕಾರ್ಪೆಟ್ಟು. "ಕೆಂಪು ರೋಡು ಎಲ್ಲೈತೆ ತೋರ್ಸು" ಎಂದು ಮಗಳು ಹೈವೇ ಕಡೆಗೆ ಬೆರಳು ಮಾಡಿದಳು. ಆಗ ನನ್ನ ಮಹಾಬುದ್ಧಿಗೆ ಹೊಳೆಯಿತು, ಕಂಬಳಿ! ಕರಿ ಉಣ್ಣೆ, ಹುಣಸೆಬೀಜದ ಗಂಜಿ ಕುಡಿದು ಡಾಂಬರಿನಷ್ಟೇ ಗಡುಸಾದ ಕಂಬಳಿ. ಮನೆ ಮನೆಗೆ ಹೋಗಿ, "ಮಗಳ ಹುಟ್ಟುಹಬ್ಬ, ಅಂಗಳಕ್ಕೆ ಹಾಸಾಕೆ ಒಂದು ಕಂಬ್ಳಿ ಕೊಡ್ರಿ" ಎಂದೆ. ಯಾರೂ ಇಲ್ಲವೆನ್ನಲಿಲ್ಲ. ಹಳೆಯದು ಕೇಳಿದರೆ ಪೆಟ್ಟಿಗೆಯಲ್ಲಿದ್ದ ಹೊಸದನ್ನೇ ಕಣ್ಣಿಗೊತ್ತಿಕೊಂಡು ಕೊಟ್ಟರು. ನನ್ನ ಮೇಲೆ ಹಟ್ಟಿಗೆ ಇಷ್ಟೊಂದು ಪ್ರೀತಿಯೇ ಎಂದು ಉಬ್ಬಿಹೋದೆ. ಮೊದಲ ತುಂಡಾಗಿ ಹಗ್ಗದ ಮೇಲಿದ್ದ ಅಪ್ಪನ ಕಂಬಳಿಯನ್ನೇ ಎಳೆದು ಹಾಸಿ, ಉಳಿದವನ್ನು ಬೇವಿನ ಮರ ಸುತ್ತಿಸಿ, ನಡುವೆ ಅಕ್ಕಿಹಿಟ್ಟಿನಿಂದ ಬಿಳಿ ಗೆರೆ ಎಳೆದೆ. ದೂರ ನಿಂತು ನೋಡಿದರೆ ಸಾಕ್ಷಾತ್ ಹೈವೇ!

ನೀನೀಗ ಅಲ್ಲಿ ಹಣೆ ಚಚ್ಚಿಕೊಳ್ಳುತ್ತಿರಬೇಕು. ಕರಿ ಕಂಬಳಿ ಹಾಸಿ ಅದರ ಮೇಲೆ ಅಕ್ಕಿಯ ಗೆರೆ ಎಳೆದರೆ ನಮ್ಮಲ್ಲಿ ಅದೇನೆಂದು ನಿನಗೆ ನೆನಪಾಯಿತು, ನನಗೆ ಆಗಲಿಲ್ಲ. ಗದ್ದಿಗೆ! ದೇವರು ಬಂದು ಕೂರುವ ಜಾಗ. ನಮ್ಮ ಮದುವೆಯಲ್ಲಿ ನಾವಿಬ್ಬರೂ ಅದರ ಮುಂದೆಯೇ ಅಕ್ಷತೆ ಹಾಕಿಸಿಕೊಂಡದ್ದು.

ಹಾಗಾಗಿ ಶನಿವಾರ ಹೊತ್ತಿಳಿಯುವಾಗ ಮೊದಲ ಅತಿಥಿಯಾಗಿ ಬಂದ ಹಟ್ಟಿಯ ಹಿರಿಯ ಮೂರ್ತಪ್ಪಜ್ಜ, ಅಂಗಳ ಕಂಡಿದ್ದೇ ಚಪ್ಪಲಿ ಬಿಟ್ಟು, ರೇಸ್ ಶುರುವಾಗುವ ಗೆರೆಯ ಮುಂದೆ ಉದ್ದಕ್ಕೆ ಅಡ್ಡಬಿದ್ದ. "ಯಾವ ದೇವ್ರನ್ನ ಕರ್ಸಿದೀಯಪ್ಪ? ಇಷ್ಟುದ್ದ ಗದ್ದಿಗೆ ನಮ್ ಕಾಲ್ದಾಗೂ ಹಾಕಿರ್ಲಿಲ್ಲ" ಎಂದ. ಹಿಂದೆ ಬಂದ ಹೆಂಗಸರು ವೀಳ್ಯದೆಲೆ, ಬಾಳೆಹಣ್ಣು ಇಟ್ಟು ಕೈಮುಗಿದರು. ಒಬ್ಬಾಕೆ ಸರಿಯಾಗಿ ತಿರುವಿನಲ್ಲಿ ತೆಂಗಿನಕಾಯಿ ಇಟ್ಟಳು. ಅತ್ತ ಮಕ್ಕಳೆಲ್ಲ ಡಬ್ಬದೊಳಗೆ ನಿಂತು "ಬ್ರೂಂ ಬ್ರೂಂ" ಎನ್ನುತ್ತಿವೆ, ಇತ್ತ ದೊಡ್ಡವರೆಲ್ಲ ಶಾಂತಚಿತ್ತರಾಗಿ ದೇವರನ್ನು ಕಾಯುತ್ತಿದ್ದಾರೆ. ಹಜರತ್ ಅಲಿ ಲುಂಗಿ ಹಿಡಿದು ನನ್ನ ಕಿವಿಯಲ್ಲಿ, "ಅಣ್ಣ, ಬೀಸ್ಲೋ, ಮಡಿಸ್ಲೋ?" ಎಂದ. ಇದು ರೇಸ್ ರೋಡೆಂದು ನಾನು ಬಾಯಿಬಿಟ್ಟದ್ದೇ ತಡ, ಮೂರ್ತಪ್ಪಜ್ಜನ ಮುಖ ಗಂಟಾಯಿತು. "ಗದ್ದಿಗೆ ತುಳೀತಾರೇನ್ಲೇ? ನಿಮ್ಮಪ್ಪ ಗೊಲ್ಲಪ್ಪ ಬರ್ಲಿ, ಅವ್ನೇ ಹೇಳ್ಲಿ" ಎಂದ.

ಅಪ್ಪ ಬಂದ. ಕುರಿಗಳನ್ನು ರೊಪ್ಪಕ್ಕೆ ತುಂಬಿ, ಅಂಗಳಕ್ಕೆ ಬಂದು, ತನ್ನ ಹೊಸ ಕಂಬಳಿಯ ಮೇಲಿನ ಬಿಳಿ ಗೆರೆಯನ್ನೂ, ನನ್ನನ್ನೂ ಒಂದೇ ದೃಷ್ಟಿಯಲ್ಲಿ ನೋಡಿದ. "ಇದ್ರ ಮ್ಯಾಲೆ ಗಾಡಿ ಓಡಿಸ್ತೀಯೇನ್ಲೇ?" ಎಂದ. ಆಗ ನಿನ್ನ ಮಗಳು ಬಸ್ಸಿನ ಸಮೇತ ಮುಂದೆ ಬಂದಳು. ಡಬ್ಬ ಎತ್ತಿ ತನ್ನ ಪಾದ ತೋರಿಸಿದಳು. "ನೋಡು ತಾತ, ಟೈರು ನೆಲಕ್ಕೆ ತಾಕಲ್ಲ. ಒಳಗೆ ಬರೀ ಕಾಲು ಐತೆ. ಎಲ್ರೂ ಚಪ್ಲಿ ಬಿಟ್ಟೀವಿ. ದೇವ್ರು ಕುಂತಿದ್ರೆ ನಿಲ್ಸಿ ಹತ್ತಿಸ್ಕಂತೀನಿ" ಎಂದಳು.

ಆ ಸಮಯ ನೋಡಿ ಚಕ್ಕುಲಿ ತಟ್ಟೆ ಹಿಡಿದಿದ್ದ ಅಮ್ಮ, ಯಾರಿಗೋ ಹೇಳುವಂತೆ ಹೇಳಿದಳು: "ಅವತ್ತು ನೀನು ಸಿಗ್ಲಿಲ್ಲ ಅಂತ ಸೊಸೆ ಇದೇ ಕಂಬ್ಳಿಗೆ ಕೈಮುಗ್ದು ಹೋದ್ಲು. ನಿಂಗೆ ಗೊತ್ತಿಲ್ಲ, ಕಂಬ್ಳಿಗೆ ಗೊತ್ತು." ಅಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡ. ಬೆವರೇ ಇರಬೇಕು. ತಾನೇ ಬಗ್ಗಿ ತೆಂಗಿನಕಾಯಿ ಎತ್ತಿ ಪಕ್ಕಕ್ಕಿಟ್ಟು, "ಬರಿಗಾಲಾದ್ರೆ ಮೈಲಿಗೆ ಎಲ್ಲಿಂದ ಬಂತು ಮೂರ್ತಪ್ಪಣ್ಣ? ಮಕ್ಳೇ ದೇವ್ರು. ಓಡ್ಲಿ ಬಿಡು" ಎಂದ. ಮೂರ್ತಪ್ಪಜ್ಜ ಸ್ವಲ್ಪ ಹೊತ್ತು ಬಿಗುಮಾನದಲ್ಲಿದ್ದು, ಡೀಸೆಲ್ ಕುಡಿದ ಮೇಲೆ ಸರಿಹೋದ.

ಹಜರತ್ ಅಲಿ ಲುಂಗಿ ಬೀಸಿದ. ಅಮಾನ್‌ನ ಕಾರು ಬಾಣದಂತೆ ಹೋಯಿತು, ಉಳಿದವೂ ಹಿಂದೆಯೇ. ನಿನ್ನ ಮಗಳ ಬಸ್ಸು? ಮೊದಲ ಕಂಬಳಿ ಮುಗಿಯುವಲ್ಲಿ ನಿಂತಿತು. ಯಾಕೆಂದರೆ ಅಲ್ಲಿ ದಾರ ಹರಿದು, ಕಾರು ಕಳಚಿಬಿದ್ದ ಪುಟ್ಟ ಹುಡುಗಿಯೊಬ್ಬಳು ಅಳುತ್ತಿದ್ದಳು. ಅವಳನ್ನು ಡಬ್ಬದೊಳಗೆ ಹತ್ತಿಸಿಕೊಂಡಳು. ಮುಂದಿನ ಕಂಬಳಿಯಲ್ಲಿ ಇನ್ನೊಬ್ಬನ ಕಾರು ಬೇವಿನ ಮರಕ್ಕೆ ಗುದ್ದಿ ಚಪ್ಪಟೆಯಾಗಿತ್ತು. ಅವನೂ ಹತ್ತಿದ. "ಬೃಂದಾ, ಓಡೇ, ಎಲ್ರೂ ಮುಂದೆ ಹೋದ್ರು!" ಎಂದು ನಾನು ಕೂಗಿಕೊಂಡೆ. "ಸ್ಟಾಪ್ ಬಂದ್ರೆ ಬಸ್ ನಿಲ್ಸ್ಬೇಕು ಅಪ್ಪಾ, ಅಮ್ಮ ಹೇಳೈತೆ" ಎಂದು ನನಗೇ ಬೈದಳು. ರೇಸ್ ಮುಗಿದು, ಗೆದ್ದ ಅಮಾನ್ ಕೋಡುಬಳೆ ತಿನ್ನುತ್ತಾ ಇವಳಿಗಾಗಿ ಕಾಯುತ್ತಿದ್ದ.

ಕೊನೆಯ ಕಂಬಳಿಯ ಅಂಚಿನಲ್ಲಿ ಅಪ್ಪ ನಿಂತಿದ್ದ. ಹೈವೇ ಪಕ್ಕದಲ್ಲಿ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾರಲ್ಲ, ಹಾಗೆ ಕೈ ಅಡ್ಡ ಹಿಡಿದ. ಬಸ್ಸು ನಿಂತಿತು.

"ಎಲ್ಲಿಗೆ ಹೋಗ್ತೈತವ್ವ ಈ ಬಸ್ಸು?"

"ಅಮ್ಮನ ಹತ್ರ."

ಅಪ್ಪ ಬೋರ್ಡಿನ ಮೇಲೆ ಬೆರಳಾಡಿಸಿದ. "ಹಂಗಾದ್ರೆ ನಂಗೂ ಒಂದು ಟಿಕೆಟ್ ಕೊಡು. ಒಳಗೆ ಜಾಗಿಲ್ಲ, ಹಿಂದೆ ಏಣಿ ಮ್ಯಾಲೆ ನಿಂತ್ಕಂತೀನಿ." ಚಪ್ಪಲಿ ಬಿಟ್ಟು, ಕಂಬಳಿಗೆ ಕೈಮುಟ್ಟಿ ಕಣ್ಣಿಗೊತ್ತಿಕೊಂಡು, ಡಬ್ಬದ ಹಿಂದಿನ ಅಂಚು ಹಿಡಿದು ನಡೆದ. ಗೆರೆ ದಾಟಿದ ಮೇಲೆ ಅಮಾನ್‌ನನ್ನು ಕರೆದು, ಹಟ್ಟಿಗೆಲ್ಲ ಕೇಳುವಂತೆ ಹೇಳಿದ: "ಏನಪ್ಪ, ನೀನು ಕೇಳಿದ್ಯಂತೆ? ಹೂಂ, ಇವಳಮ್ಮ ಬಸ್ ಓಡಿಸ್ತಾಳೆ. ನಮ್ ಸೊಸೆ ರಂಜಿತಾ." ಮೊದಲು ನಕ್ಕವನು ಅಮಾನ್‌ನೇ. "ಹಂಗಾದ್ರೆ ನಂಗೂ ಒಂದ್ ರೌಂಡ್ ಹೊಡ್ಸಾಕೆ ಹೇಳ್ರಿ" ಎಂದ.

ರಂಜೀ, ಬಂದವರು ಕಾರಿನ ಕೇಕನ್ನು ಕೇಕೆಂದೇ ತಿಳಿದು ತಿಂದುಹೋದರು, ಅದೊಂದೇ ನನಗೆ ಕೊರಗು. ಉಳಿದಂತೆ ಈ ಹುಟ್ಟುಹಬ್ಬದಷ್ಟು ಯಾವುದಕ್ಕೂ ನಾನು ಬೀಗಿದ್ದಿಲ್ಲ. ಸೋತ ಮಗಳಿಗೆ ಬೀಗುತ್ತಿದ್ದೇನೆ, ಗೇರು ಹಾಕುವುದನ್ನು ಕಲಿಯುತ್ತಲೇ ನಿಲ್ಲಿಸುವುದನ್ನೂ ಅವಳಿಗೆ ಕಲಿಸಿದ ನಿನಗೂ ಬೀಗುತ್ತಿದ್ದೇನೆ.

ಈ ಪತ್ರದ ಜೊತೆಗೆ ಒಂದು ಗಂಟು ಬರುತ್ತಿದೆ. ಬಿಚ್ಚುವಾಗ ಹುಷಾರು, ಬಿಳಿ ಹಿಟ್ಟು ಉದುರುತ್ತದೆ. ಊರವರ ಕಂಬಳಿಗಳನ್ನೆಲ್ಲ ಕೊಡವಿ ವಾಪಸ್ಸು ಕೊಟ್ಟೆ. ತನ್ನದನ್ನು ಮಾತ್ರ ಅಪ್ಪ ಕೊಡವಲು ಬಿಡಲಿಲ್ಲ, ಗೆರೆ ಇದ್ದ ಹಾಗೆಯೇ ಮಡಿಸಿ ಕೊಟ್ಟ. "ಆಯಮ್ಮಂಗೆ ಕಳ್ಸು. ಸೀಟಿನ ಮ್ಯಾಲೆ ಹಾಸ್ಕಮ್ಲಿ. ಹಿಂದೆ ಅಷ್ಟು ಜನ ನಂಬ್ಕಂಡು ಕುಂತಿರ್ತಾರೆ, ಅದೂ ಗದ್ದಿಗೇನೇ" ಎಂದ. ಸ್ವಲ್ಪ ದೂರ ಹೋಗಿ, ತಿರುಗಿ ಬಂದು, "ಅವತ್ತು ಬೇಕಂತ್ಲೇ ಕುರಿ ಬೇಗ ಹೊಡ್ದೆ ಅಂತ ಮಾತ್ರ ಬರೀಬ್ಯಾಡ" ಎಂದ. ಬರೆಯಬೇಡವೆಂದದ್ದನ್ನು ಬರೆದಿದ್ದೇನೆ. ನೀನು ಓದಿಲ್ಲವೆಂದುಕೋ.

ನಿನ್ನ ಗೇರು ಎಂದೂ ಕಚ್ಚದಿರಲಿ, ಬ್ರೇಕು ಎಂದೂ ಜಾರದಿರಲಿ. ಐಮಂಗಲದ ಸ್ಟಾಪಿನಲ್ಲಿ ಒಂದು ದಿನ ರುಮಾಲಿನ ಮುದುಕನೊಬ್ಬ ಕೈ ಅಡ್ಡ ಹಿಡಿದರೆ ನಿಲ್ಲಿಸು, ಅವನ ಹತ್ತಿರ ಟಿಕೆಟ್ ಆಗಲೇ ಇದೆ.

ಬಸ್ಸಿನ ಹಿಂದಿನ ಸೀಟಿನಲ್ಲಾದರೂ ಜಾಗ ಕೋರುವ,
ನಿನ್ನ ರಂಗೇಶ

(ಹಜರತ್ ಅಲಿಯ ಲುಂಗಿಗೆ ಕುರಿಯ ಬಣ್ಣ ಹತ್ತಿದೆ. ಶುಕ್ರವಾರದೊಳಗೆ ಹೋಗುವ ಉಪಾಯವಿದ್ದರೆ ತಕ್ಷಣ ತಿಳಿಸು.)