ಗೋದಾಮಿನ ಅಜ್ಜಿ

ಪ್ರೀತಿಯ ಅಕ್ಕ,

ನಿಮಗೆ ಫೋನ್ ಮಾಡಲು ಮುಖವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗೋದಾಮಿನ ಕಂಪ್ಯೂಟರುಗಳನ್ನು ಜೋಡಿಸುವ ಹಳೇ ನೆಟ್‌ವರ್ಕ್ ಸ್ವಿಚ್ಚಿಗೆ ‘ಅಜ್ಜಿ’ ಎಂದು ಹೆಸರಿಟ್ಟವನು ನಾನೇ. ಕಂಪನಿಯ ಉಳಿದ ಸ್ವಿಚ್ಚುಗಳೆಲ್ಲ ನನ್ನ ಕೋಣೆಯ ಪರದೆಯಲ್ಲಿ ಹಸಿರೋ ಕೆಂಪೋ ತೋರಿಸುತ್ತವೆ. ಅದೊಂದಕ್ಕೆ ಮಾತ್ರ ಹೊಸ ಸಾಫ್ಟ್‌ವೇರಿನ ಭಾಷೆ ಬರುವುದಿಲ್ಲ. ಬದುಕಿದ್ದರೂ ಬೂದು, ಸತ್ತರೂ ಬೂದು. ಕೆಟ್ಟಾಗಲೆಲ್ಲ ಗೋದಾಮಿನಿಂದ ನೀವೇ ಫೋನ್ ಮಾಡಿ “ಅಜ್ಜಿ ಹೋದ್ರು ಕಣೋ” ಅನ್ನಬೇಕಿತ್ತು. ಸ್ಪೀಕರಿನಲ್ಲಿ ಅದನ್ನು ಕೇಳಿಸಿಕೊಂಡ ಲೆಕ್ಕದ ವಿಭಾಗದವರು ಒಮ್ಮೆ ಕಣ್ಣೊರೆಸಿಕೊಂಡು ನನಗೆ ಸಮಾಧಾನ ಹೇಳಲು ಬಂದಾಗ ನಾವಿಬ್ಬರೂ ಎಷ್ಟು ನಕ್ಕಿದ್ದೆವು!

ಸೋಮವಾರವೂ ನೀವು ಅಷ್ಟೇ ಅಂದಿರಿ. ದನಿ ಬೇರೆಯಾಗಿತ್ತು, ನಾನು ಗಮನಿಸಲಿಲ್ಲ. “ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅಕ್ಕಾ, ಎದ್ದು ಕೂತ್ಕೊಳ್ತಾರೆ” ಅಂದುಬಿಟ್ಟೆ.

“ಇಲ್ಲ ಕಣೋ, ಇದು ನಮ್ಮಜ್ಜಿ. ರಜೆ ಬೇಕಿತ್ತು” ಅಂದಿರಿ. ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ಆಫೀಸಿನಲ್ಲಿ ನಿಮ್ಮ ರಜೆಗೆ ಹೇಳಿದ್ದೇನೆ. ನಿಧಾನವಾಗಿ ಬನ್ನಿ. ಸ್ವಿಚ್ ಇರುವ ಕಪಾಟಿನ ಬೀಗದ ಕೈ ಎಲ್ಲಿಟ್ಟಿದ್ದೀರಿ ಎಂದು ಒಂದು ಸಾಲು ತಿಳಿಸಿ. ನಿನ್ನೆ ಆ ಸ್ವಿಚ್ಚೂ ಕೆಟ್ಟಿತು. ಪರದೆಯಲ್ಲಿ ಅದೇ ಬೂದು, ಫೋನ್ ಮಾಡಲು ನೀವಿಲ್ಲ. ಮಧ್ಯಾಹ್ನದವರೆಗೂ ಯಾರಿಗೂ ಗೊತ್ತಾಗಲಿಲ್ಲ.

ಸಾಹೇಬರು ಬಂದು, “ಏನಯ್ಯಾ, ಅಜ್ಜಿ ಹೋದ್ರಾ?” ಎಂದು ನಗುತ್ತಾ ಕೇಳಿದರು.

“ಗೋದಾಮಿನ ಸ್ವಿಚ್ ಕೆಟ್ಟಿದೆ ಸಾರ್” ಅಂದೆ.

ಇಂತಿ,
ಪರದೆ ಕಾಯುವ ನಿಮ್ಮ ತಮ್ಮ